ಮಾಯದ ಹುಣ್ಣಿಗೆ ಅಯೋಡಿನ್ ಮುಲಾಮು: ಹಚ್ಚೋದು ಹೆಂಗೆ, ನಿಲ್ಲಿಸೋದು ಯಾವಾಗ

ಮಳೆ ಹಿಡೀತು ಅಂದ್ರೆ ನಂಗೆ ಬರೋ ಫೋನಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಅಕ್ಕಾ, ಅಪ್ಪಯ್ಯನ ಕಾಲಿನ ಹುಣ್ಣಿಗೆ ಮೂರು ತಿಂಗಳಿಂದ ಬೆಟಾಡಿನ್ ಹಚ್ತಾ ಇದೀವಿ, ಮಾಯ್ತಾನೇ ಇಲ್ಲ, ಬೇರೆ ಎಂತ ಹಚ್ಚೋದು?" ತೀರ್ಥಹಳ್ಳಿ, ಹೊಸನಗರ, ಸಾಗರ, ಯಾವ ಕಡೆಯಿಂದ ಫೋನ್ ಬಂದ್ರೂ ಇದೇ ಕಥೆ. ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿ ಗಂಟಲು ಕಟ್ಟಿದೆ, ಅದೂ ನೆಟ್ವರ್ಕ್ ಇಲ್ಲದ ಮನೆಯೋರು ಗುಡ್ಡ ಹತ್ತಿ ಮಳೇಲಿ ನಿಂತು ಕೇಳಿಸ್ಕೊಳ್ಬೇಕು, ಪಾಪ. ಅದಕ್ಕೆ ಒಂದೇ ಸಲ ಬರೆದು ಹಾಕ್ತಿದೀನಿ. ನಾನು ಡಾಕ್ಟ್ರಲ್ಲ, ಡ್ರೆಸ್ಸಿಂಗ್ ಮಾಡ್ತಾನೇ ತಲೆ ಬೆಳ್ಳಗಾದ ನರ್ಸು. ಹುಣ್ಣು ಯಾವುದು ಅಂತ ಡಾಕ್ಟ್ರು ಹೇಳಿದ ಮೇಲೆ ಮನೇಲಿ ಮಾಡ್ಕೊಳ್ಳೋ ಕೆಲಸ ಇಲ್ಲಿ ಇರೋದು.

ಮೊದ್ಲು ಒಂದು ಮಾತು ತಲೇಲಿ ಕೂರಲಿ. ಅಯೋಡಿನ್ ಮುಲಾಮು, ಅಂದ್ರೆ ಈ ಬೆಟಾಡಿನ್, ಹುಣ್ಣಲ್ಲಿರೋ ಕ್ರಿಮಿ ಸಾಯಿಸುತ್ತೆ, ಅಲ್ಲಿಗೆ ಅದರ ಕೆಲಸ ಮುಗೀತು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆದ ಹಂಗೆ, ಔಷಧಿ ಕೊಳೆ ತಡೆಯುತ್ತೆ, ಆದ್ರೆ ಬಸಿಗಾಲುವೆ ಮುಚ್ಚಿಹೋಗಿ ಬುಡದಲ್ಲಿ ನೀರು ನಿಂತಿರೋ ಮರಕ್ಕೆ ಎಷ್ಟು ಔಷಧಿ ಹೊಡೆದ್ರೂ ಅಷ್ಟೇ ಅಲ್ದಾ? ಕಾಲಲ್ಲೂ ಅದೇ. ಮೂರು ತಿಂಗಳು ಹಚ್ಚಿನೂ ಮಾಯದಿದ್ರೆ 'ಬೇರೆ ಎಂತ ಹಚ್ಚೋದು' ಅಂತ ಕೇಳೋದಕ್ಕಿಂತ 'ಎಂತ ಇದನ್ನ ಮಾಯಕ್ಕೆ ಬಿಡ್ತಿಲ್ಲ' ಅಂತ ಕೇಳ್ಬೇಕು.

ಈ ಮುಲಾಮು ಅಂದ್ರೆ ಎಂತ

ಹಿಂದೆ ಟಿಂಚರ್ ಅಂತ ಇತ್ತು, ಹಚ್ಚಿದ್ರೆ ಮಕ್ಕಳು ಹಂಚು ಹಾರೋ ಹಂಗೆ ಕಿರುಚ್ತಿದ್ರು, ನೆನಪಿರಬಹುದು. ಅದು ಸ್ಪಿರಿಟಲ್ಲಿ ಕರಗಿಸಿದ ಬರೀ ಅಯೋಡಿನ್. ಅಯೋಡಿನ್ ಸಿಕ್ಕಿದ್ದು 1811ರಲ್ಲಿ, ಫ್ರಾನ್ಸಿನ ಕುರ್ಟ್ವಾ ಅನ್ನೋರಿಗೆ, ಸಮುದ್ರದ ಪಾಚಿ ಸುಟ್ಟ ಬೂದಿಯಲ್ಲಿ. ಕ್ರಿಮಿ ಕೊಲ್ಲೋದ್ರಲ್ಲಿ ಗಟ್ಟಿಗ, ಆದ್ರೆ ಮಾಂಸನೂ ಸುಡ್ತಿತ್ತು. 1950ರ ದಶಕದಲ್ಲಿ ಅದನ್ನ ಪೊವಿಡೋನ್ ಅನ್ನೋ ಅಂಟಿನಂಥ ವಸ್ತುವಿಗೆ ಕಟ್ಟಿ ಹಾಕಿದ್ರು, ಆಗ ಅಯೋಡಿನ್ ಒಂದೇ ಸಲಕ್ಕೆ ಬರದೆ ಸ್ವಲ್ಪಸ್ವಲ್ಪವೇ ಬಿಡುಗಡೆ ಆಗೋ ಹಂಗಾಯ್ತು, ಉರಿ ಕಮ್ಮಿ ಆಯ್ತು. ಅದೇ ಪೊವಿಡೋನ್ ಅಯೋಡಿನ್, ನಾವು ಯಾವ ಕಂಪನಿದು ತಂದ್ರೂ ಬೆಟಾಡಿನ್ ಅಂತಲೇ ಕರೆಯೋದು. ಬ್ಯಾಕ್ಟೀರಿಯಾ, ಫಂಗಸ್, ವೈರಸ್ ಎಲ್ಲದಕ್ಕೂ ಆಗುತ್ತೆ, ಆಂಟಿಬಯೋಟಿಕ್ ಮುಲಾಮಿಗೆ ಕ್ರಿಮಿಗಳು ಪಳಗಿ ಹೋಗೋ ಹಂಗೆ ಇದಕ್ಕೆ ಸುಲಭಕ್ಕೆ ಪಳಗಲ್ಲ.

ಅಂಗಡೀಲಿ ಎರಡು ಥರ ಸಿಗುತ್ತೆ, ಇಲ್ಲಿ ಗೊಂದಲ ಮಾಡ್ಕೊಬೇಡಿ.

ಒಂದು, ಪೊವಿಡೋನ್ ಅಯೋಡಿನ್ ಮುಲಾಮು, ಸಾಮಾನ್ಯವಾಗಿ 5%, ಕೆಲವು 10%. ಟ್ಯೂಬಲ್ಲಿ, ಡಬ್ಬಿಲಿ ಎಲ್ಲಾ ಮೆಡಿಕಲ್ಲಲ್ಲೂ ಸಿಗುತ್ತೆ. ದಿನಾ ಹಚ್ಚೋದು ಇದನ್ನೇ.

ಎರಡನೇದು ಕ್ಯಾಡೆಕ್ಸೋಮರ್ ಅಯೋಡಿನ್. ಪಿಷ್ಟದಿಂದ ಮಾಡಿದ ಸಣ್ಣ ಸಣ್ಣ ಕಾಳುಗಳ ಒಳಗೆ 0.9% ಅಯೋಡಿನ್ ತುಂಬಿರ್ತಾರೆ, ಕಾಳು ಹುಣ್ಣಿನ ರಸಿಗೆ (ಹುಣ್ಣಿಂದ ಸೋರೋ ನೀರು) ಹೀರಿ ಉಬ್ಬುತ್ತೆ, ಉಬ್ಬಿದ ಹಂಗೆ ಅಯೋಡಿನ್ ಬಿಡ್ತಾ ಹೋಗುತ್ತೆ, ಎರಡ್ಮೂರು ದಿನ ಕೆಲಸ ಮಾಡುತ್ತೆ. ತೂಕದ ಆರು ಪಟ್ಟಿನವರೆಗೂ ರಸಿಗೆ ಕುಡಿಯೋ ತಾಕತ್ತು ಇದಕ್ಕಿದೆ. ರೇಟು ಜಾಸ್ತಿ, ಊರಿನ ಅಂಗಡೀಲಿ ಇಡಲ್ಲ, ಶಿವಮೊಗ್ಗದಿಂದ ತರಿಸ್ಬೇಕಾಗುತ್ತೆ. ಉಬ್ಬಿದ ರಕ್ತನಾಳದಿಂದ ಆಗೋ ಕಾಲಿನ ಹುಣ್ಣಿಗೆ ಇದು ಸಹಾಯ ಮಾಡುತ್ತೆ ಅನ್ನೋದಕ್ಕೆ ಒಂದಿಷ್ಟು ಪುರಾವೆ ಇದೆ ಅಂತ 2014ರ ಕೊಕ್ರೇನ್ ವಿಮರ್ಶೆ ಹೇಳುತ್ತೆ, ಕೊಕ್ರೇನ್ ಅಂದ್ರೆ ಆಗಿರೋ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ತೂಗಿ ನೋಡೋರು. ಮಾಮೂಲಿ ಪೊವಿಡೋನಿಗೆ ಅಷ್ಟು ಗಟ್ಟಿ ಪುರಾವೆ ಇಲ್ಲ. ಹಂಗಂತ ಅದು ದಂಡ ಅಲ್ಲ, ಕೊಳಕಾಗಿರೋ ಹುಣ್ಣನ್ನ ಕಮ್ಮಿ ದುಡ್ಡಲ್ಲಿ ಹತೋಟಿಗೆ ತರೋಕೆ ನಮ್ಮ ಕೈಗೆ ಸಿಗೋದು ಅದೇ.

ಹುಣ್ಣು ಯಾವುದು ಅಂತ ನೋಡ್ಕೊಳ್ಳಿ

ಗಾಯ ನಾಲ್ಕರಿಂದ ಆರು ವಾರ ಕಳೆದ್ರೂ ಕೂಡ್ಕೊಳ್ದೇ ಇದ್ರೆ ಅದು ಮಾಯದ ಹುಣ್ಣು. ನಮ್ಮ ಕಡೆ ಜಾಸ್ತಿ ಕಾಣೋದು ಇಷ್ಟು.

ಕಾಲಿನ ಗಂಟಿನ ಮೇಲೆ, ಒಳಬದಿಗೆ ಆಗಿದೆ, ಸುತ್ತ ಚರ್ಮ ಕಪ್ಪಗೆ ಕಂದಿದೆ, ಸಂಜೆ ಹೊತ್ತಿಗೆ ಕಾಲು ಊದುತ್ತೆ, ಮೀನಖಂಡದಲ್ಲಿ ರಕ್ತನಾಳ ಹಾವು ಸುತ್ತಿದ ಹಂಗೆ ಕಾಣುತ್ತೆ, ರಸಿಗೆ ಜಾಸ್ತಿ. ಇದು ವೆರಿಕೋಸ್ ಹುಣ್ಣು, ಅಂದ್ರೆ ಮೇಲೆ ಹೋಗ್ಬೇಕಾದ ಕೆಟ್ಟ ರಕ್ತ ಕಾಲಲ್ಲೇ ನಿಂತು ಆಗಿದ್ದು. ಹುಟ್ಟಿದ ಕಾರಣ ಕೇಳಿದ್ರೆ 'ಉಂಬಳ (ಜಿಗಣೆ) ಕಚ್ಚಿತ್ತು, ಕೆರ್ಕೊಂಡೆ' ಅಂತಾರೆ, ಉಂಬಳ ನೆಪ ಅಷ್ಟೇ, ಪಕ್ಕದ ಮನೆಯೋರಿಗೂ ಕಚ್ಚಿರುತ್ತೆ, ಅವರದ್ದು ನಾಲ್ಕು ದಿನಕ್ಕೆ ವಾಸಿ ಆಗಿರುತ್ತೆ. ಇದಕ್ಕೆ ನಿಜವಾದ ಮದ್ದು ಕಾಲಿಗೆ ಬಿಗಿಯಾಗಿ ಸುತ್ತೋ ಬ್ಯಾಂಡೇಜು.

ಅಂಗಾಲಲ್ಲಿ, ಹೆಬ್ಬೆರಳ ಬುಡದಲ್ಲಿ, ಸುತ್ತ ಆಣಿ ಥರ ದಪ್ಪ ಚರ್ಮ, ನೋವೇ ಇಲ್ಲ. ಶುಗರ್ ಇರೋರದ್ದು ಇದು, ನರ ಜೋಮು ಹಿಡಿದು ಮುಳ್ಳು ಚುಚ್ಚಿದ್ದೂ ಗೊತ್ತಾಗಲ್ಲ. ಶುಗರ್ ಇಲ್ದೇ ಪಾದ ಜೋಮಿದ್ರೆ, ಮೈಮೇಲೆ ಸ್ಪರ್ಶ ಗೊತ್ತಾಗದ ಮಚ್ಚೆ ಇದ್ರೆ ಕುಷ್ಠದ ಪರೀಕ್ಷೆ ಮಾಡಿಸ್ಬೇಕು, ಮುಚ್ಚಿಡೋ ವಿಷಯ ಅಲ್ಲ, ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮದ್ದು ಪುಕ್ಕಟೆ ಸಿಗುತ್ತೆ.

ಬೆರಳ ತುದಿ, ಹಿಮ್ಮಡಿ ಕಡೆ ಆಗಿದೆ, ಪಾದ ತಣ್ಣಗಿದೆ, ರಾತ್ರಿ ನೋವು ತಡೀಲಾರದೆ ಮಂಚದಿಂದ ಕಾಲು ಇಳಿಬಿಟ್ರೆ ಹಿತ ಅನ್ಸುತ್ತೆ, ಬೀಡಿ ಸೇದೋ ಅಭ್ಯಾಸ ಇದೆ. ಇದು ಕೆಳಗೆ ರಕ್ತ ಬರೋ ದಾರಿ ಕಟ್ಟಿರೋದು. ಇಲ್ಲಿ ಬಿಗಿ ಬ್ಯಾಂಡೇಜ್ ಸುತ್ತಿದ್ರೆ ಕಾಲೇ ಹೋಗಬಹುದು. ಒಣಗಿ ಕಪ್ಪಾಗಿರೋ ಬೆರಳಿಗೆ ಮುಲಾಮು ಮೆತ್ತಿ ಒದ್ದೆ ಮಾಡ್ಬೇಡಿ, ಒಣಗಿದ್ದು ಒಣಗೇ ಇರಲಿ, ನೇರ ಸರ್ಜನ್ ಹತ್ರ ಕರ್ಕೊಂಡು ಹೋಗಿ.

ಹಾಸಿಗೆ ಹಿಡಿದೋರಿಗೆ ಸೊಂಟದ ಕೆಳಗೆ, ಹಿಮ್ಮಡಿಗೆ ಆಗೋದು ಹಾಸಿಗೆ ಹುಣ್ಣು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ದೇ ಮುಲಾಮು ಹಚ್ಚಿ ಎಂತ ಪ್ರಯೋಜನ ಇಲ್ಲ.

ಇನ್ನೊಂದಿದೆ, ಹೇಳಕ್ಕೆ ಬೇಜಾರು ಆದ್ರೂ ಹೇಳ್ಬೇಕು. ವರ್ಷಗಟ್ಲೆ ಇದ್ದ ಹುಣ್ಣಿನ ಅಂಚು ಎದ್ದು ಹೂಕೋಸಿನ ಥರ ಆದ್ರೆ, ಮುಟ್ಟಿದ್ರೆ ರಕ್ತ ಬಂದ್ರೆ ಅದು ಕ್ಯಾನ್ಸರಿಗೆ ತಿರುಗಿರಬಹುದು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಹಳೇ ಸುಟ್ಟಗಾಯದ ಕಲೆ ಮೇಲೆ ಎದ್ದ ಹುಣ್ಣಿಗೂ ಇದೇ ಮಾತು.

ಯಾರು ಹಚ್ಚಬಾರದು

ಮುಲಾಮು ಹೊರಗೆ ಹಚ್ಚೋದು ತಾನೇ, ಒಳಗೆ ಎಂತ ಆಗುತ್ತೆ ಅಂತಾರೆ. ಆಗುತ್ತೆ. ತೆರೆದ ಹುಣ್ಣಿಂದ ಅಯೋಡಿನ್ ರಕ್ತಕ್ಕೆ ಸೇರುತ್ತೆ, ಹುಣ್ಣು ದೊಡ್ಡದಾದಷ್ಟೂ ಜಾಸ್ತಿ, ಅದು ನೇರ ಹೋಗಿ ಕೂರೋದು ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೆ.

ನಮ್ಮ ಮಲೆನಾಡಿನೋರು ಇದನ್ನ ಎರಡು ಸಲ ಓದಿ. ಬೆಟ್ಟದ ಸೀಮೆಗಳಲ್ಲಿ ಜೋರು ಮಳೆ ಮಣ್ಣಿನ ಅಯೋಡಿನ್ ತೊಳ್ಕೊಂಡು ಹೋಗುತ್ತೆ, ಅಯೋಡಿನ್ ಉಪ್ಪು ಬರೋಕೆ ಮುಂಚೆ ಇಂಥಾ ಜಾಗಗಳಲ್ಲಿ ಗಳಗಂಡ, ಅಂದ್ರೆ ಥೈರಾಯ್ಡ್ ಊದಿ ಕುತ್ತಿಗೇಲಿ ಗಂಟಾಗೋದು, ಹೊಸದಲ್ಲ, ಸರ್ಕಾರ 1962ರಲ್ಲೇ ಅದಕ್ಕಂತ ಒಂದು ಕಾರ್ಯಕ್ರಮ ಶುರು ಮಾಡಿತ್ತು. ಆ ಕಾಲದ ಅಜ್ಜಿಯಂದಿರಲ್ಲಿ ಕುತ್ತಿಗೇಲಿ ಹಳೇ ಗಂಟು ಇಟ್ಕೊಂಡೋರು ಈಗ್ಲೂ ಇದ್ದಾರೆ, 'ಅದು ಮೊದ್ಲಿಂದ ಇದೆ, ಎಂತ ಮಾಡಲ್ಲ' ಅಂತ ಸುಮ್ನಿರ್ತಾರೆ. ಅಂಥೋರಿಗೆ ವಾರಗಟ್ಲೆ ಅಯೋಡಿನ್ ಹಚ್ಚಿದ್ರೆ ಮಲಗಿದ್ದ ಗಂಟು ಎದ್ದು ಥೈರಾಯ್ಡ್ ಜೋರಾಗಬಹುದು. ಎದೆ ಡವಡವ, ಕೈ ನಡುಕ, ಬೆವರು, ತೂಕ ಇಳಿಯೋದು ಕಂಡ್ರೆ ಮುಲಾಮು ನಿಲ್ಲಿಸಿ, ಡಾಕ್ಟ್ರಿಗೆ 'ಅಯೋಡಿನ್ ಹಚ್ತಿದ್ವಿ' ಅಂತ ಬಾಯಿಬಿಟ್ಟು ಹೇಳಿ, ಇಲ್ದಿದ್ರೆ ಅವರಿಗೆ ಕಾಲಿಗೂ ಎದೆಗೂ ಸಂಬಂಧ ಇದೆ ಅಂತ ಹೊಳೆಯೋದು ಕಷ್ಟ.

ಥೈರಾಯ್ಡ್ ಮಾತ್ರೆ ತಿನ್ನೋರು, ಕಿಡ್ನಿ ಸರಿ ಇಲ್ಲದೋರು, ಬಸುರಿ ಬಾಣಂತಿಯರು, ಮನೋರೋಗಕ್ಕೆ ಲಿಥಿಯಂ ಮಾತ್ರೆ ತಗೊಳ್ಳೋರು, ಇವರೆಲ್ಲ ಕೇಳದೇ ಹಚ್ಚಬೇಡಿ. ಹಸುಗೂಸಿಗೆ ಬೇಡವೇ ಬೇಡ. ಥೈರಾಯ್ಡ್ ಸ್ಕ್ಯಾನ್ ಮಾಡಿಸೋದು ಇದ್ರೆ ಮುಂಚೆನೇ ತಿಳಿಸಿ. ಇನ್ನು 'ನಂಗೆ ಸೀಗಡಿ ಆಗಲ್ಲ, ಹಂಗಾಗಿ ಅಯೋಡಿನ್ನೂ ಆಗಲ್ಲ' ಅಂತ ಕೆಲವರು ಹೇಳ್ತಾರೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಸೀಗಡಿ ಅಲರ್ಜಿ ಅದರೊಳಗಿನ ಪ್ರೋಟೀನಿಂದ ಬರೋದು.

ಸಾಮಾನು

ಮುಲಾಮು. 500 ಮಿಲಿಯ ನಾರ್ಮಲ್ ಸಲೈನ್ ಬಾಟ್ಲಿ, ಅಂದ್ರೆ 0.9% ಉಪ್ಪುನೀರು, ಡ್ರಿಪ್ಪಿಗೆ ಹಾಕ್ತಾರಲ್ಲ ಅದೇ. ಸ್ಟೆರೈಲ್ (ಕ್ರಿಮಿ ಇಲ್ಲದ ಹಂಗೆ ಮಾಡಿದ) ಗಾಜ್ ಬಟ್ಟೆ, ಪ್ಯಾಕೆಟ್ ಒಡೆಯದೇ ಇರೋದು. ಕೈಗವಸು. ಬಟ್ಟೆ ಬ್ಯಾಂಡೇಜು, ಪೇಪರ್ ಟೇಪು, ವ್ಯಾಸಲೀನ್. ಒಂದು ಸ್ಕೇಲು. ಹತ್ತಿ ಬೇಡ, ಅದರ ನಾರು ಹುಣ್ಣಿಗೆ ಅಂಟಿ ಒಳಗೇ ಉಳಿಯುತ್ತೆ.

ಸಲೈನ್ ಸಿಗದಿದ್ರೆ ಒಂದು ಲೀಟರ್ ನೀರು 10 ನಿಮಿಷ ಕುದಿಸಿ 9 ಗ್ರಾಂ ಉಪ್ಪು ಹಾಕಿ, ಟೀ ಚಮಚದಲ್ಲಿ ಸಮ ಮಾಡಿ ತೆಗೆದ ಒಂದೂವರೆ ಚಮಚ ಅಂದಾಜಿಗೆ ಆಗುತ್ತೆ, ಮುಚ್ಚಿ ಆರಿಸಿ ಅವತ್ತೇ ಖರ್ಚು ಮಾಡಿ. ಮಳೆಗಾಲದಲ್ಲಿ ಬಾವಿ ನೀರು, ಅಬ್ಬಿ ನೀರು ಎಷ್ಟು ತಿಳಿಯಾಗಿ ಕಂಡ್ರೂ ಕುದಿಸದೇ ಹುಣ್ಣಿಗೆ ಹಾಕ್ಬೇಡಿ. ಅಂಗಡಿ ಬಾಟ್ಲಿನೂ ಒಂದ್ಸಲ ತೆಗೆದ್ರೆ ಮಾರನೇ ದಿನಕ್ಕೆ ಇಟ್ಕೊಬೇಡಿ.

ಇನ್ನೊಂದು ಎಡವಟ್ಟು ತುಂಬಾ ಮನೇಲಿ ನೋಡಿದೀನಿ. ಪೊವಿಡೋನ್ ಅಯೋಡಿನ್ನಲ್ಲಿ 'ಸ್ಕ್ರಬ್' ಅಂತ ಬರುತ್ತೆ, 7.5%, ಸರ್ಜನ್‌ಗಳು ಕೈ ತೊಳೆಯೋದು, ಒಳಗೆ ಸೋಪಿದೆ. ನೋಡಕ್ಕೆ ದ್ರಾವಣದ ಬಾಟ್ಲಿ ಥರಾನೇ ಇರುತ್ತೆ. ಅದನ್ನ ಹುಣ್ಣೊಳಗೆ ಹುಯ್ಯಬಾರದು. ಲೇಬಲ್ ಓದಿ ತನ್ನಿ.

ಈಗ ಹಚ್ಚೋ ಕ್ರಮ

1. ಮೊದಲ ಸಲ ಹಚ್ಚೋಕೆ ಒಂದು ದಿನ ಮುಂಚೆ ಮುಂಗೈ ಒಳಬದಿಗೆ ಕಡಲೆಕಾಳಿನಷ್ಟು ಹಚ್ಚಿ 24 ಗಂಟೆ ನೋಡಿ. ಕೆಂಪಾಗಿ ತುರಿಕೆ, ಗುಳ್ಳೆ ಬಂದ್ರೆ ಈ ಮದ್ದು ನಿಮಗಲ್ಲ.

2. ಹಳೇ ಪಟ್ಟಿ ಬಿಚ್ಚೋದು. ಅಂಟಿದ್ರೆ ಕಿತ್ತು ಎಳೀಬೇಡಿ. ಹೊಸದಾಗಿ ಬಂದಿರೋ ಚರ್ಮ ಅದರ ಜೊತೆ ಬಂದ್ಬಿಡುತ್ತೆ, ವಾರದ ಕೆಲಸ ಒಂದು ಎಳೆತಕ್ಕೆ ಹೋಯ್ತು. ಸಲೈನ್ ಹಾಕಿ ಐದತ್ತು ನಿಮಿಷ ನೆನೆಸಿ, ತಾನೇ ಬರುತ್ತೆ. ಬಿಚ್ಚಿದ ಪಟ್ಟೀಲಿ ಎಷ್ಟು ರಸಿಗೆ ಇದೆ, ಬಣ್ಣ ಎಂತ, ವಾಸನೆ ಇದೆಯಾ ನೋಡಿ, ಆಮೇಲೆ ಕವರಿಗೆ ಹಾಕಿ ಕಟ್ಟಿಡಿ, ನಾಯಿ ಎಳೆದಾಡೋ ಜಾಗದಲ್ಲಿ ಎಸೀಬೇಡಿ.

3. ಕೈ ಸೋಪ್ ಹಾಕಿ ತೊಳೆದು, ಹೊಸ ಗವಸು ಹಾಕ್ಕೊಂಡು, ಹುಣ್ಣಿನ ಮೇಲೆ ಸಲೈನ್ ಧಾರೆ ಬಿಟ್ಟು ತೊಳೀರಿ. ಹಿಂದಿನ ದಿನದ ಮುಲಾಮು ಪೂರ್ತಿ ಹೋಗ್ಬೇಕು. ಕೀವು, ರಕ್ತ ಉಳಿದಿದ್ರೆ ಅಯೋಡಿನ್ ಅದರ ಜೊತೆ ಕೂಡಿ ಸತ್ವ ಕಳ್ಕೊಳ್ಳುತ್ತೆ, ಕ್ರಿಮಿ ತನಕ ತಲುಪೋದೇ ಇಲ್ಲ. ಕೊಳಕು ಹುಣ್ಣಿಗೆ ಟ್ಯೂಬುಗಟ್ಲೆ ಹಚ್ಚಿನೂ ನಾಟದೇ ಇರೋದು ಬಹಳ ಸಲ ಇದಕ್ಕೇ. ಬೆಳ್ಳಗೆ, ಹಳದಿಗೆ ಲೋಳೆ ಥರ ಅಂಟ್ಕೊಂಡಿರುತ್ತಲ್ಲ, ಅದನ್ನ ಆಸ್ಪತ್ರೇಲಿ ಸ್ಲಫ್ ಅಂತಾರೆ, ಸತ್ತ ಮಾಂಸ ಅದು. ತೊಳೆಯುವಾಗ ಬಂದಷ್ಟು ಬರಲಿ, ಉಳಿದಿದ್ದು ಡಾಕ್ಟ್ರು ಕತ್ತರಿಸಿ ತೆಗೀಬೇಕು. ಬ್ಲೇಡು ಬಿಸಿ ಮಾಡ್ಕೊಂಡು ಮನೇಲಿ ಕೆತ್ತೋಕೆ ಕೂತ ಒಬ್ರನ್ನ ನೋಡಿದೀನಿ, ಶುಗರ್ ಕಾಲು, ನೋವೇ ಇಲ್ಲ ಅಂತ ಕೆತ್ತಿದ್ದೇ ಕೆತ್ತಿದ್ದು. ದಯವಿಟ್ಟು ಬೇಡ.

4. ಅಳತೆ. ಇದನ್ನ ಯಾರೂ ಮಾಡಲ್ಲ, ನಾನು ಬಿಡಲ್ಲ. ವಾರಕ್ಕೊಂದು ದಿನ ಸ್ಕೇಲ್ ಪಕ್ಕದಲ್ಲಿ ಹಿಡಿದು ಫೋಟೋ ತೆಗೀರಿ, ಉದ್ದ ಅಗಲ ಕ್ಯಾಲೆಂಡರಲ್ಲಿ ಬರೀರಿ. ದಿನಾ ನೋಡೋ ಕಣ್ಣಿಗೆ ಹುಣ್ಣು ಬೆಳೆದಿದ್ದೂ ಗೊತ್ತಾಗಲ್ಲ, ಇಳಿದಿದ್ದೂ ಗೊತ್ತಾಗಲ್ಲ. ಉದ್ದ ಅಗಲ ಗುಣಿಸಿದ್ರೆ ಬರೋ ಲೆಕ್ಕ ನಾಲ್ಕು ವಾರದಲ್ಲಿ ಶುಗರ್ ಹುಣ್ಣಲ್ಲಿ ಅರ್ಧಕ್ಕೆ ಇಳೀಬೇಕು, ವೆರಿಕೋಸ್ ಹುಣ್ಣಲ್ಲಿ 40% ಆದ್ರೂ ಕಮ್ಮಿ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಹಿಡಿದ ದಾರಿ ತಪ್ಪಿದೆ, ಐದನೇ ವಾರಕ್ಕೆ ಇನ್ನೊಂದು ಟ್ಯೂಬ್ ತರೋ ಬದ್ಲು ಡಾಕ್ಟ್ರ ಹತ್ರ ಹೋಗಿ.

5. ಸುತ್ತಲಿನ ಒಳ್ಳೆ ಚರ್ಮನ ಗಾಜ್ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ. ಅಂಚಿನ ಸುತ್ತ ತೆಳ್ಳಗೆ ವ್ಯಾಸಲೀನ್ ಬಳೀರಿ, ರಸಿಗೆ ತಾಗಿ ಚರ್ಮ ಬೆಳ್ಳಗೆ ನೆಂದು ಹೋಗೋದು ತಪ್ಪುತ್ತೆ, ಗದ್ದೆ ಕೆಲಸಕ್ಕೆ ಹೋದಾಗ ಬೆರಳ ಸಂದಿ ಕೆಸರು ತಿಂದು ಆಗುತ್ತಲ್ಲ ಹಂಗೆ. ಹುಣ್ಣಿನ ಒಳಗೆ ಮಾತ್ರ ವ್ಯಾಸಲೀನ್ ಹೋಗೋದು ಬೇಡ.

6. ಮುಲಾಮು ಹಚ್ಚೋದು. ಬೆರಳಿಂದ ಬೇಡ, ಟ್ಯೂಬಿನ ಮೂತಿ ಹುಣ್ಣಿಗೆ ತಾಗಿಸೋದೂ ಬೇಡ.

ಪೊವಿಡೋನ್ ಆದ್ರೆ ಗಾಜ್ ಮೇಲೆ ಹಿಂಡಿ, ಹುಣ್ಣಿನ ಅಳತೆಗೆ ತೆಳ್ಳಗೆ ಸವರಿ, ಅದನ್ನ ಹುಣ್ಣಿನ ಮೇಲೆ ಇಡಿ. ರೊಟ್ಟಿಗೆ ಬೆಣ್ಣೆ ಸವರಿದಷ್ಟು ಸಾಕು. ಗುಡ್ಡೆ ಹಾಕಿದ್ರೆ ಬೇಗ ಮಾಯಲ್ಲ, ಮೈಗೆ ಸೇರೋ ಅಯೋಡಿನ್ ಜಾಸ್ತಿ ಆಗುತ್ತೆ ಅಷ್ಟೇ. ಸಾಮಾನ್ಯವಾಗಿ ದಿನಕ್ಕೆ ಒಂದ್ಸಲ, ರಸಿಗೆ ಸೋರ್ತಾ ಇದ್ರೆ ಡಾಕ್ಟ್ರು ಎರಡು ಸಲ ಅಂತಾರೆ.

ಕ್ಯಾಡೆಕ್ಸೋಮರ್ ಆದ್ರೆ ದಪ್ಪ ಬೇಕು, ಸುಮಾರು 3 ಮಿಲಿಮೀಟರ್. ಹುಣ್ಣು ಸ್ವಲ್ಪ ಒದ್ದೆ ಇರುವಾಗಲೇ ಇಡಿ, ಒಣ ಹುಣ್ಣಿಗೆ ಇದು ಆಗಿ ಬರಲ್ಲ. ಮೊದಲ ಒಂದು ಗಂಟೆ ಚುರುಗುಟ್ಟಬಹುದು, ಆಮೇಲೆ ತಾನೇ ನಿಲ್ಲುತ್ತೆ. ವಾರಕ್ಕೆ ಎರಡು ಮೂರು ಸಲ ಬದಲಿಸಿದ್ರೆ ಸಾಕು. ಒಂದು ಸಲಕ್ಕೆ 50 ಗ್ರಾಂ, ವಾರಕ್ಕೆ 150 ಗ್ರಾಂ ದಾಟಬಾರದು, ಒಟ್ಟು ಮೂರು ತಿಂಗಳಿಗಿಂತ ಮುಂದುವರಿಸೋ ಹಾಗಿಲ್ಲ.

7. ಯಾವಾಗ ಬದಲಿಸೋದು ಅಂತ ಬಣ್ಣನೇ ಹೇಳುತ್ತೆ. ಕಂದು ಬಣ್ಣ ಇದೆ ಅಂದ್ರೆ ಅಯೋಡಿನ್ ಇನ್ನೂ ಇದೆ. ಹಳದಿಯಾಗಿ, ಬೂದಿ ಬಣ್ಣಕ್ಕೆ ತಿರುಗಿ ಬೆಳ್ಳಗಾದ್ರೆ ಸರಕು ಖಾಲಿ. ಹೊಸದಾಗಿ ಶುರು ಮಾಡಿದಾಗ ಒಂದೇ ದಿನಕ್ಕೆ ಬೆಳ್ಳಗಾಗುತ್ತೆ, ದಿನ ಕಳೆದಂಗೆ ಬಣ್ಣ ಹೆಚ್ಚು ಹೊತ್ತು ನಿಲ್ಲುತ್ತೆ, ರಸಿಗೆ ಕಮ್ಮಿ ಆಗ್ತಿದೆ ಅಂತ ಅರ್ಥ. ಬೆಳ್ಳಗಾಗಿದ್ದನ್ನ ಕೀವು ಅಂದ್ಕೊಂಡು ಗಾಬರಿ ಬಿದ್ದು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡೋರಿದಾರೆ, ಕೀವಲ್ಲ ಅದು, ತೊಳೆದ್ರೆ ಹೋಗುತ್ತೆ.

8. ಮೇಲೆ ಒಣ ಗಾಜ್ ಎರಡು ಪದರ, ಬಟ್ಟೆ ಬ್ಯಾಂಡೇಜು. ಪ್ಲಾಸ್ಟಿಕ್ ಕವರ್ ಸುತ್ತಿ ಇಡೀ ದಿನ ಬಿಡ್ಬೇಡಿ, ಗಾಳಿ ಆಡದೇ ಒಳಗೆ ಬೆವರು ನಿಂತ್ರೆ ಅಯೋಡಿನ್ ಒಳ್ಳೆ ಚರ್ಮನೂ ಸುಡುತ್ತೆ. ಕೊಟ್ಟಿಗೆಗೆ ಹೋಗಿ ಬರ್ಬೇಕು, ಮಳೇಲಿ ಅಂಗಳ ದಾಟ್ಬೇಕು ಅಂದ್ರೆ ಅಷ್ಟು ಹೊತ್ತಿಗೆ ಕವರ್ ಕಟ್ಕೊಳ್ಳಿ, ಬಂದ ಕೂಡ್ಲೇ ಬಿಚ್ಚಿ. ಪಟ್ಟಿ ನೆಂದಿದ್ರೆ ಹೊತ್ತು ನೋಡದೆ ಬದಲಿಸಿ. ಬ್ಯಾಂಡೇಜ್ ಬಟ್ಟೆ ತೊಳೆದ್ರೆ ಜುಲೈಯಲ್ಲಿ ಒಣಗಿಸೋದೇ ಪಂಚಾಯ್ತಿ ಅಂತ ನಂಗೂ ಗೊತ್ತು, ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ ಹಾಕಿದ್ರೆ ಮಸಿ ಬೀಳುತ್ತೆ. ಹುಣ್ಣಿಗೆ ತಾಗೋ ಗಾಜ್ ಯಾವಾಗ್ಲೂ ಹೊಸದೇ ಇರಲಿ, ಹೊರಗಿನ ಬ್ಯಾಂಡೇಜು ತೊಳೆದಿದ್ದಾದ್ರೆ ಪೂರ್ತಿ ಒಣಗಿರಲಿ, ಸಾಧ್ಯ ಆದ್ರೆ ಇಸ್ತ್ರಿ ಹಾಕಿ.

9. ಕಾರಣದ ಕೆಲಸ, ಮುಲಾಮಿನ ಜೊತೆಜೊತೆಗೇ. ಕೊನೇಲಿ ಬರೆದೆ ಅಂತ ಬಿಡ್ಬೇಡಿ, ಹುಣ್ಣು ಮಾಯೋದು ಇಲ್ಲಿಂದ.

ವೆರಿಕೋಸ್ ಆದ್ರೆ, ರಕ್ತ ಓಡಾಟ ಸರಿ ಇದೆ ಅಂತ ಡಾಪ್ಲರ್ ಪರೀಕ್ಷೆ ಮಾಡಿಸ್ಕೊಂಡ ಮೇಲೆ ಬಿಗಿ ಬ್ಯಾಂಡೇಜು. ಡಾಪ್ಲರ್ ಅಂದ್ರೆ ಶಬ್ದದ ಅಲೆ ಬಿಟ್ಟು ರಕ್ತದ ಹರಿವು ನೋಡೋದು, ಕಾಲಿನ ಬಿಪಿನ ಕೈ ಬಿಪಿಯಿಂದ ಭಾಗಿಸಿದಾಗ 0.8ಕ್ಕಿಂತ ಕಮ್ಮಿ ಬಂದ್ರೆ ಡಾಕ್ಟ್ರು ಹೇಳದೇ ಬಿಗಿಯೋ ಹಾಗಿಲ್ಲ. ಶುಗರ್ ಇರೋರಲ್ಲಿ ರಕ್ತನಾಳ ಗಟ್ಟಿಯಾಗಿ ಈ ಲೆಕ್ಕ ಸುಳ್ಳು ಸುಳ್ಳೇ ಚೆನ್ನಾಗಿ ಬರಬಹುದು, ಅವರು ಇನ್ನೂ ಜೋಪಾನ. ಶಿವಮೊಗ್ಗದ ಮೆಗ್ಗಾನ್ ಥರದ ದೊಡ್ಡ ಆಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ಕೇಳಿ. ಕ್ರೇಪ್ ಬ್ಯಾಂಡೇಜ್ ಸುತ್ತೋದು ಬೆರಳ ಬುಡದಿಂದ ಶುರು ಮಾಡಿ ಮೊಣಕಾಲ ಕೆಳಗಿನ ತನಕ, ಕೆಳಗೆ ಬಿಗಿ, ಮೇಲೆ ಹೋದಂಗೆ ಸಡಿಲ. ನಮ್ಮೋರು ಹುಣ್ಣಿರೋ ಜಾಗಕ್ಕೆ ಮಾತ್ರ ಬಳೆ ಥರ ಸುತ್ತಿ ಬಿಗೀತಾರೆ, ಅದರ ಕೆಳಗೆ ಪಾದ ಕುಂಬಳಕಾಯಿ ಆಗಿರುತ್ತೆ. ದಿನಕ್ಕೆ ಮೂರ್ನಾಲ್ಕು ಸಲ ಅರ್ಧರ್ಧ ಗಂಟೆ ಮಲಗಿ ಕಾಲು ಎದೆ ಮಟ್ಟಕ್ಕಿಂತ ಮೇಲೆ ದಿಂಬಿನ ಮೇಲಿಡಿ. ಕುರ್ಚೀಲಿ ಕೂತು ಸ್ಟೂಲ್ ಮೇಲೆ ಕಾಲು ಚಾಚೋದು ಸಾಲಲ್ಲ. ಅಡಿಕೆ ಸುಲಿಯೋಕೆ ಕೂತ್ರೆ ಗಂಟೆಗಟ್ಲೆ ಕಾಲು ಇಳಿಬಿಟ್ಟೇ ಇರುತ್ತೆ, ಈ ಸುಗ್ಗಿ ಒಂದಕ್ಕೆ ರಜೆ ತಗೊಳ್ಳಿ.

ಶುಗರ್ ಹುಣ್ಣಾದ್ರೆ ಆ ಜಾಗದ ಮೇಲೆ ಭಾರ ಬೀಳಬಾರದು. ಮುಲಾಮು ಹಚ್ಚಿ ಪಟ್ಟಿ ಕಟ್ಟಿ ಅದರ ಮೇಲೇ ತೋಟಕ್ಕೆ ನಡೆದು ಹೋದ್ರೆ ಪ್ರತಿ ಹೆಜ್ಜೆಗೂ ಹುಣ್ಣನ್ನ ಹೊಸದಾಗಿ ಜಜ್ಜಿದ ಹಂಗೆ. ಎಂಸಿಆರ್ ಚಪ್ಪಲಿ ಅಂತ ಮೆತ್ತಗಿನ ರಬ್ಬರಿನದ್ದು ಬರುತ್ತೆ, ಜೋಮು ಪಾದಕ್ಕಂತಲೇ ಮಾಡಿದ್ದು, ಹುಣ್ಣು ಅಂಗಾಲಲ್ಲೇ ಇದ್ರೆ ಅದೂ ಸಾಲದೆ ಪ್ಲಾಸ್ಟರ್ ಹಾಕ್ಬೇಕಾಗಬಹುದು. ಗಮ್ ಬೂಟ್ ಹಾಕೋರು ಒಳಗೆ ಕೈ ಹಾಕಿ ಕಲ್ಲು ಮುಳ್ಳು ಇದೆಯಾ ನೋಡಿ ಹಾಕಿ. ಸಕ್ಕರೆ ಹತೋಟಿಗೆ ಬರಲಿ, ಬೀಡಿ ಬಿಡಿ, ಕವಳದ ತಂಬಾಕೂ ಸೇರಿ. ಮಾಂಸ ಕಟ್ಟೋಕೆ ಪ್ರೋಟೀನ್ ಬೇಕು, ಮೊಟ್ಟೆ, ಮೀನು, ಹೆಸರುಕಾಳು, ಮೊಸರು ತಿನ್ನಲಿ. ಹುಣ್ಣಾಗಿದೆ, ನಂಜು ಅಂತ ಎಲ್ಲಾ ಬಿಡಿಸಿ ಬರೀ ಗಂಜಿ ಉಪ್ಪಿನಕಾಯಿ ಕೊಟ್ರೆ ಮೈ ಎಲ್ಲಿಂದ ತಂದು ಮಾಂಸ ಕಟ್ಟುತ್ತೆ ಹೇಳಿ? ಪಥ್ಯದ ವಿಷಯಕ್ಕೆ ನಾನು ಜಗಳ ಆಡಿರೋಷ್ಟು ಬೇರೆ ಯಾವುದಕ್ಕೂ ಆಡಿಲ್ಲ.

ಇದರ ಜೊತೆ ಬೆರೆಸಬಾರದ್ದು

ಹೈಡ್ರೋಜನ್ ಪೆರಾಕ್ಸೈಡ್, ನೊರೆ ಬರುತ್ತಲ್ಲ ಅದು, ಅಯೋಡಿನ್ ಜೊತೆ ಬೇಡ. ಸುಟ್ಟಗಾಯದ ಬಿಳಿ ಮುಲಾಮಲ್ಲಿ ಬೆಳ್ಳಿ ಇರುತ್ತೆ, ಬೆಳ್ಳಿ ಅಯೋಡಿನ್ ಸೇರಿದ್ರೆ ಎರಡೂ ಕೆಲಸಕ್ಕೆ ಬರಲ್ಲ. ಸತ್ತ ಮಾಂಸ ಕರಗಿಸೋ ಕೊಲ್ಯಾಜಿನೇಸ್ ಮುಲಾಮೂ ಅಷ್ಟೇ, ಅಯೋಡಿನ್ ಅದನ್ನ ಕೊಂದು ಹಾಕುತ್ತೆ. ಸ್ಪಿರಿಟ್, ಡೆಟಾಲ್ ಹುಣ್ಣೊಳಗೆ ಹುಯ್ಯಬೇಡಿ. ಆಂಟಿಬಯೋಟಿಕ್ ಪೌಡರ್ ಉದುರಿಸಿದ್ರೆ ರಸಿಗೆ ಜೊತೆ ಸೇರಿ ಗಟ್ಟಿ ಹಕ್ಕಳೆ ಕಟ್ಟುತ್ತೆ, ಅದರಡಿ ಕೀವು ಆರಾಮಾಗಿ ಕೂತಿರುತ್ತೆ.

ಇನ್ನು ನಮ್ಮ ಊರಿನ ಸ್ಪೆಷಲ್, ಮೈಲುತುತ್ತ, ಅಂದ್ರೆ ಕಾಪರ್ ಸಲ್ಫೇಟ್. ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ತಂದಿದ್ದು ಎಲ್ಲರ ಮನೇಲೂ ಇರುತ್ತೆ, ಹಿಂದಿನೋರು ಹುಣ್ಣಿಗೆ ಹಾಕ್ತಿದ್ರು ಅಂತ ಈಗ್ಲೂ ಚಿಟಿಕೆ ಉದುರಿಸ್ತಾರೆ. ಅದು ಮಾಂಸ ಸುಡುತ್ತೆ, ಮೈಗೆ ಸೇರಿದ್ರೆ ಲಿವರ್ ಕಿಡ್ನಿ ಎರಡಕ್ಕೂ ವಿಷ. ಅಡಿಕೆ ಮರ ಹತ್ತೋ ಕೊನೆಗೌಡ್ರು ಮರಕ್ಕೆ ಹೊಡೀಲಿ, ಕಾಲಿಗೆ ಬೇಡ. ಸುಣ್ಣ, ಕಾಫಿ ಪುಡಿ, ಸಗಣಿ ಬೂದಿ ಇವೂ ಬೇಡ. ಬೂದಿ ಮಣ್ಣಲ್ಲಿ ಧನುರ್ವಾಯು ಬೀಜ ಇರುತ್ತೆ, ಅಂದ ಹಾಗೆ ಅದನ್ನ ತಡೆಯೋ ಚುಚ್ಚುಮದ್ದು (ಟಿಟಿ ಅಥವಾ ಟಿಡಿ) ಚುಚ್ಚಿಸಿ ಹತ್ತು ವರ್ಷ ಆಗಿದ್ರೆ ಮತ್ತೆ ಹಾಕಿಸ್ಕೊಳ್ಳಿ.

'ಗಾಳಿಗೆ ಬಿಡಿ, ಒಣಗುತ್ತೆ' ಅನ್ನೋರ ಮಾತು ಕೇಳ್ಬೇಡಿ, ಹದವಾಗಿ ಒದ್ದೆ ಇದ್ರೇನೇ ಹೊಸ ಚರ್ಮ ಅಂಚಿಂದ ಒಳಗೆ ಹರಿಯೋದು. ಗಾಳಿಗೆ ಬಿಟ್ರೆ ಮಳೆಗಾಲದಲ್ಲಿ ನೊಣ ಕೂತು ಹುಳ ಆಗುತ್ತೆ, ಅದನ್ನೂ ತೆಗೆದಿದೀನಿ.

ತಕ್ಷಣ ಹೊರಡಬೇಕಾದ್ದು

ಹುಣ್ಣಿನ ಸುತ್ತ ಕೆಂಪು ಎರಡು ಸೆಂಟಿಮೀಟರ್ ದಾಟಿ ಹರಡ್ತಿದ್ರೆ, ಚಳಿ ಜ್ವರ ಬಂದ್ರೆ, ಬುಡದಲ್ಲಿ ಎಲುಬು ಕಂಡ್ರೆ, ಬೆರಳು ಕಪ್ಪಾದ್ರೆ, ಚರ್ಮ ಒತ್ತಿದಾಗ ಒಳಗೆ ಗಾಳಿ ಇದ್ದಂಗೆ ಚರಚರ ಅಂದ್ರೆ, ಶುಗರ್ ಇದ್ದಕ್ಕಿದ್ದಂಗೆ ಏರಿದ್ರೆ ಬೆಳಗಾಗಲಿ ಅಂತ ಕಾಯ್ಬೇಡಿ. ಮಳೆ, ಬಸ್ಸಿಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿ. ಮುಲಾಮಿಂದ ಆಗೋ ಕೆಲಸ ಅಲ್ಲ ಅದು, ಇಂಜೆಕ್ಷನ್ ಬೇಕು, ಒಮ್ಮೊಮ್ಮೆ ಆಪರೇಷನ್ನೂ.

ನಿಲ್ಲಿಸೋದು

ಇದನ್ನ ಕೇಳೋರೇ ಇಲ್ಲ. ಹುಣ್ಣಿನ ತಳ ಹಸಿ ಮಾಂಸದ ಹಂಗೆ ಕೆಂಪಗೆ, ಸಣ್ಣ ಸಣ್ಣ ಕಾಳಿನ ಥರ ಆಗಿ, ವಾಸನೆ ಹೋಗಿ, ರಸಿಗೆ ತಿಳಿಯಾಗಿದ್ರೆ ಅಯೋಡಿನ್ ಕೆಲಸ ಮುಗೀತು. ಆ ಕೆಂಪು ಕಾಳುಗಳೇ ಹೊಸ ಮಾಂಸ. ಕ್ರಿಮಿ ಇಲ್ಲದ ಹುಣ್ಣಿಗೆ ಮತ್ತೂ ಹಚ್ತಾ ಹೋದ್ರೆ ಅದು ಹೊಸ ಮಾಂಸದ ಜೀವಕೋಶಕ್ಕೇ ತೊಂದ್ರೆ ಕೊಡುತ್ತೆ. ಅಲ್ಲಿಂದ ಮುಂದೆ ಸಲೈನಲ್ಲಿ ತೊಳೆದು ಪ್ಯಾರಾಫಿನ್ ಗಾಜ್ ಇಟ್ರೆ ಸಾಕು, ಎಣ್ಣೆಯಂಥ ಮೇಣ ಹಚ್ಚಿದ ಬಲೆ ಬಟ್ಟೆ ಅದು, ಅಂಟಲ್ಲ. ಎರಡು ವಾರ ಸರಿಯಾಗಿ ಹಚ್ಚಿನೂ ಲೋಳೆ, ವಾಸನೆ ಹಂಗೇ ಇದ್ರೆ ಆಗಲೂ ನಿಲ್ಲಿಸಿ ತೋರಿಸಿ. ಹಂಗಾಗಿ ಎರಡು ವಾರ ಅನ್ನೋದು ಮನೆ ಲೆಕ್ಕ, ಅದಕ್ಕಿಂತ ಮುಂದೆ ಹಚ್ಚೋದಾದ್ರೆ ಡಾಕ್ಟ್ರು ನೋಡಿ ಹೇಳ್ಬೇಕು, ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳ್ಳಿ. ವೆರಿಕೋಸ್ ಇರೋರು ಹುಣ್ಣು ಕೂಡಿದ ಮೇಲೂ ಬಿಗಿ ಕಾಲುಚೀಲ ಹಾಕ್ತಾನೇ ಇರ್ಬೇಕು, ಬಿಟ್ರೆ ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಬಾಯಿ ಬಿಡುತ್ತೆ.

ಕಲೆ ಬಗ್ಗೆ ಹೆಂಗಸರು ಕೇಳ್ತಾನೇ ಇರ್ತೀರಿ. ಚರ್ಮದ ಮೇಲಿನದ್ದು ಸೋಪಿಗೆ ಹೋಗುತ್ತೆ. ಬಟ್ಟೆದೂ ಬೇಗ ತೊಳೆದ್ರೆ ಹೋಗುತ್ತೆ, ಹಟ ಮಾಡಿದ್ರೆ ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಹಚ್ಚಿ, ಕಂದು ಬಣ್ಣ ಕಣ್ಣೆದುರೇ ಮಾಯ. ಗಂಜಿ ಹಾಕಿದ ಪಂಚೆಗೆ ಮಾತ್ರ ಜೋಪಾನ, ಗಂಜಿಗೆ ಅಯೋಡಿನ್ ತಾಗಿದ್ರೆ ಕಡು ನೀಲಿ ಆಗುತ್ತೆ. ಅಪ್ಪಯ್ಯನ ಕಾಲು ನೀಲಿಗಟ್ತು ಅಂತ ಒಂದು ಮನೆಯೋರು ಜೀಪ್ ಮಾಡ್ಕೊಂಡು ಬಂದಿದ್ರು, ಬಿಚ್ಚಿ ನೋಡಿದ್ರೆ ಪಟ್ಟಿಗೆ ಹರಿದಿದ್ದು ಗಂಜಿ ಹಾಕಿದ ಮದುವೆ ಪಂಚೆ.